ಮನೆಯ ಗಣಕಯಂತ್ರ: ಕಳೆದುಹೋದ ಪರವಾನಗಿ ಕೀಲಿಕೈಯ ಶೋಧ

ಕನ್ನಡ ನಾಡಿನ ಹಿರಿಯರು ದಾನವನ್ನು ಮಾಡಿದಾಗ ಅದಕ್ಕೆ ಶಾಸನವನ್ನೂ ಬರೆಯಿಸುತ್ತಿದ್ದರು. ಭೂಮಿಯನ್ನು ಬಿಟ್ಟವರ ಹೆಸರು, ಪಡೆದವರ ಹೆಸರು, ನೆಲದ ಎಲ್ಲೆಕಟ್ಟು, ಕೊಟ್ಟ ದಿನದ ತಿಥಿವಾರಗಳು ಕಲ್ಲಿನ ಮೇಲೆಯೋ ತಾಮ್ರಪಟದ ಮೇಲೆಯೋ ಅಚ್ಚಳಿಯದೆ ನಿಲ್ಲುತ್ತಿದ್ದುವು. ವಸ್ತುವೊಂದೇ ಇದ್ದರೆ ಸಾಲದು, ಅದರ ಮೇಲಣ ಹಕ್ಕಿಗೆ ಪ್ರಮಾಣವೂ ಉಳಿಯಬೇಕು ಎಂಬ ವಿವೇಕ ಅವರದು. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ವಿದ್ಯಾಸಂಸ್ಥೆಗಳಿಗೆ ಪ್ರೀತಿಯಿಂದ ಗಣಕಯಂತ್ರಗಳನ್ನು ಸಮರ್ಪಿಸುತ್ತಿರುವ ಈ ಕಾಲದಲ್ಲಿ, ಅಧ್ಯಾಪಕರ ಮನೆಮನೆಯಲ್ಲಿಯೂ ಅಂತಹ ಯಂತ್ರವೊಂದು ನೆಲೆಸಿರುವ ಈ ಕಾಲದಲ್ಲಿ, ಆ ವಿವೇಕವು ಹೊಸ ರೂಪದಲ್ಲಿ ನಮಗೆ ಬೇಕಾಗಿದೆ.

ಗಣಕಯಂತ್ರವು ಕಣ್ಣಿಗೆ ಕಾಣುವ ವಸ್ತು. ಹಣ ಕೊಟ್ಟು ಕೊಂಡ ಮೇಲೆ ಅದು ನಮ್ಮದು. ಅದರೊಳಗೆ ನಡೆಯುವ ತಂತ್ರಾಂಶದ ಸ್ಥಿತಿ ಬೇರೆ. ತಂತ್ರಾಂಶವನ್ನು ನಾವು ಕೊಳ್ಳುವುದಿಲ್ಲ. ಬಳಸುವ ಪರವಾನಗಿಯನ್ನು ಮಾತ್ರ ಪಡೆಯುತ್ತೇವೆ. ಆ ಪರವಾನಗಿಯ ಕುರುಹಾಗಿ ತಯಾರಕರು ಕೊಡುವ ಅಕ್ಷರಾಂಕಗಳ ಮಾಲೆಯೇ ಲೈಸೆನ್ಸ್ ಕೀ ಅಥವಾ ಪ್ರಾಡಕ್ಟ್ ಕೀ ಎಂದು ವ್ಯವಹಾರದಲ್ಲಿ ಹೆಸರಾಗಿದೆ. ‘ಕೀ’ ಎಂಬುದನ್ನು ನಾವು ಕೀಲಿಕೈ ಎಂದು ಕನ್ನಡಿಸಿಕೊಳ್ಳಬಹುದಾದರೂ ಅರ್ಥದಲ್ಲಿ ಒಂದು ಸೂಕ್ಷ್ಮವಿದೆ. ಮನೆಯ ಬೀಗದ ಕೈ ಕಳೆದರೆ ಬೀಗವನ್ನು ಒಡೆದು ಬೇರೊಂದು ಬೀಗವನ್ನು ಹಾಕಿಕೊಳ್ಳುತ್ತೇವೆ. ಈ ಕೀಲಿಕೈಯಾದರೋ ಹೊಲದ ಹಕ್ಕುಪತ್ರದಂತಹುದು. ಪತ್ರವು ಮನೆಯಲ್ಲಿ ಕಾಣೆಯಾದರೂ ಉಪನೋಂದಣಿ ಕಚೇರಿಯಲ್ಲಿ ಅದರ ನಕಲು ಇರುವಂತೆ, ಈ ಕೀಲಿಕೈಗೂ ಎಲ್ಲಿಯೋ ಒಂದು ದಾಖಲೆ ಸಾಮಾನ್ಯವಾಗಿ ಉಳಿದಿರುತ್ತದೆ.

ಕೀಲಿಕೈ ಇಲ್ಲವೆಂಬುದು ನಮಗೆ ತಿಳಿಯುವುದು ಯಂತ್ರ ಕೆಟ್ಟ ದಿನ. ಡಿಸ್ಕು ಹಾಳಾಗಿ ವಿಂಡೋಸನ್ನು ಹೊಸದಾಗಿ ಸ್ಥಾಪಿಸಬೇಕಾದಾಗ ಪರದೆಯ ಮೇಲೆ ಕೀಲಿಕೈಯನ್ನು ಕೇಳುವ ಪೆಟ್ಟಿಗೆಯೊಂದು ಮೂಡುತ್ತದೆ. ಆಗ ರಿಪೇರಿಯವರಿಂದ ಬರುವ ಸಲಹೆಗಳು ಎರಡು: “ಹೊಸದನ್ನು ಕೊಳ್ಳಿರಿ” ಎಂಬುದೊಂದು, “ನಾನೇ ಒಂದನ್ನು ಹಾಕಿಕೊಡುತ್ತೇನೆ” ಎಂಬುದು ಇನ್ನೊಂದು. ಮೊದಲನೆಯದು ಅನೇಕ ವೇಳೆ ಅನಾವಶ್ಯಕ ವೆಚ್ಚ. ಎರಡನೆಯದು ಅನೇಕ ವೇಳೆ ಅಕ್ರಮ. ಇವೆರಡಕ್ಕೂ ಮುನ್ನ ಕ್ರಮವರಿತು ಹುಡುಕುವುದು ಹೇಗೆಂಬುದನ್ನು ತಿಳಿಸುವುದೇ ಪ್ರಕೃತ ಲೇಖನದ ಉದ್ದೇಶ. ಮನೆಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಮತ್ತು ಆಫೀಸ್ ಎಂಬೆರಡು ತಂತ್ರಾಂಶಗಳನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಬರಹಕ್ಕೆ ಭಯವಿಲ್ಲ

ಕೀಲಿಕೈ ಕಾಣೆಯಾಯಿತೆಂದ ಕೂಡಲೆ, ವರ್ಷಗಟ್ಟಲೆ ಬೆರಳಚ್ಚು ಮಾಡಿಟ್ಟ ಪಾಠಟಿಪ್ಪಣಿ, ಪ್ರಶ್ನಪತ್ರಿಕೆ, ಲೇಖನಗಳೆಲ್ಲ ಹೋದುವೆಂದು ಕಳವಳಪಡುವವರುಂಟು. ಈ ಕಳವಳಕ್ಕೆ ಆಧಾರವಿಲ್ಲ. ಕೀಲಿಕೈಯು ತಂತ್ರಾಂಶದ ಬಳಕೆಯನ್ನು ನಿಯಂತ್ರಿಸುವುದೇ ಹೊರತು ನಮ್ಮ ಬರಹಕ್ಕೆ ಬೀಗವನ್ನು ಹಾಕುವುದಿಲ್ಲ. ಪರವಾನಗಿ ದೃಢಪಡದ ವಿಂಡೋಸ್ 10 ಅಥವಾ 11 ಪರದೆಯ ಮೂಲೆಯಲ್ಲಿ ಎಚ್ಚರಿಕೆಯ ಬರಹವನ್ನು ತೋರಿಸುತ್ತದೆ, ಪರದೆಯ ಬಣ್ಣ ಮತ್ತು ಹಿನ್ನೆಲೆಗಳನ್ನು ಬದಲಿಸುವ ಸೌಕರ್ಯವನ್ನು ತಡೆಯುತ್ತದೆ; ಕಡತಗಳು ಎಂದಿನಂತೆ ತೆರೆಯುತ್ತವೆ. ಆಫೀಸ್ ತಂತ್ರಾಂಶವು ದಾಖಲೆಯನ್ನು ಓದಲು, ಮುದ್ರಿಸಲು ಬಿಡುತ್ತದೆ, ತಿದ್ದಲು ಬಿಡುವುದಿಲ್ಲ. ಅಂತಹ ದಾಖಲೆಯನ್ನು ಕೀಲಿಕೈಯ ಅಗತ್ಯವೇ ಇಲ್ಲದ ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ತಿದ್ದಬಹುದು. ಆದುದರಿಂದ ಮೊದಲ ಕೆಲಸವೆಂದರೆ ಕಡತಗಳ ಪ್ರತಿಯೊಂದನ್ನು ಹೊರಗಿನ ಡಿಸ್ಕಿಗೆ ಇಳಿಸಿಕೊಳ್ಳುವುದು, ಶೋಧ ಎರಡನೆಯದು. ಎಲ್ಲಕ್ಕಿಂತ ಮುಖ್ಯವಾಗಿ, ಶೋಧ ಮುಗಿಯುವವರೆಗೆ ಹಳೆಯ ಡಿಸ್ಕನ್ನು ಅಳಿಸಿಹಾಕಲು ಯಾರಿಗೂ ಅನುಮತಿ ಕೊಡಬಾರದು.

ಕೀಲಿಕೈಯ ಅಕ್ಷರಮಾಲೆ

ಹುಡುಕುವ ವಸ್ತುವಿನ ಲಕ್ಷಣವನ್ನು ಅರಿಯದೆ ಹುಡುಕಲಾಗದು. ವಿಂಡೋಸಿನ ಕೀಲಿಕೈಯಲ್ಲಿ 25 ಅಕ್ಷರಾಂಕಗಳಿರುತ್ತವೆ. ಐದೈದರ ಐದು ಗುಂಪುಗಳು, ನಡುವೆ ಅಡ್ಡಗೆರೆ. ಸೆಟ್ಟಿಂಗ್ಸ್ ಪುಟದಲ್ಲಿ ಕಾಣುವ ಪ್ರಾಡಕ್ಟ್ ಐಡಿ ಎಂಬುದನ್ನೇ ಕೀಲಿಕೈಯೆಂದು ಭ್ರಮಿಸಿ ಬರೆದಿಟ್ಟುಕೊಳ್ಳುವವರಿದ್ದಾರೆ. ಅದರಲ್ಲಿ 20 ಅಕ್ಷರಾಂಕಗಳು ಮಾತ್ರ ಇರುತ್ತವೆ; ಪುನಃಸ್ಥಾಪನೆಗೆ ಅದರಿಂದ ಪ್ರಯೋಜನವಿಲ್ಲ.

ವಿಂಡೋಸ್ 7ರ ಕಾಲದವರೆಗಿನ ಕೀಲಿಕೈಗಳಲ್ಲಿ ಬಳಕೆಯಾದ ಚಿಹ್ನೆಗಳು 24 ಮಾತ್ರ. ಬಿ, ಸಿ, ಡಿ, ಎಫ್, ಜಿ, ಎಚ್, ಜೆ, ಕೆ, ಎಂ, ಪಿ, ಕ್ಯೂ, ಆರ್, ಟಿ, ವಿ, ಡಬ್ಲ್ಯೂ, ಎಕ್ಸ್, ವೈ ಎಂಬ 17 ಅಕ್ಷರಗಳು. 2, 3, 4, 6, 7, 8, 9 ಎಂಬ ಏಳು ಅಂಕೆಗಳು. ವಿಂಡೋಸ್ 8ರಿಂದ ಈಚೆಗೆ ಎನ್ ಎಂಬ ಅಕ್ಷರವೂ ಸೇರಿಕೊಂಡಿತು. ಇಂಗ್ಲಿಷಿನ ಐದು ಸ್ವರಗಳಲ್ಲಿ ಒಂದೂ ಇಲ್ಲಿ ಇಲ್ಲದಿರುವುದನ್ನು ಭಾಷಾಧ್ಯಾಪಕರು ಗಮನಿಸಿಯಾರು. ಸ್ವರವಿಲ್ಲದ ವ್ಯಂಜನಮಾಲೆಗೆ ಉಚ್ಚಾರಣೆಯಿಲ್ಲ; ಉಚ್ಚಾರಣೆಯಿಲ್ಲದುದು ನೆನಪಿನಲ್ಲಿ ನಿಲ್ಲದು. ಕಂದ, ವೃತ್ತಗಳನ್ನು ನೂರುಗಟ್ಟಲೆ ಕಂಠಸ್ಥ ಮಾಡಿದ ವಿದ್ವಾಂಸರಿಗೂ ಇದು ಕಂಠಪಾಠಕ್ಕೆ ಒಗ್ಗುವ ಸಾಮಗ್ರಿಯಲ್ಲ. ಬರೆದಿಡುವುದೊಂದೇ ಮಾರ್ಗ.

ಅಕ್ಷರವನ್ನು ಸಂಖ್ಯೆಯಾಗಿ ಎಣಿಸುವ ಕ್ರಮ ನಮ್ಮಲ್ಲಿ ಹೊಸದೇನೂ ಅಲ್ಲ. ಕಟಪಯಾದಿ ಸೂತ್ರದಂತೆ ಧೀರಶಂಕರಾಭರಣ ಎಂಬ ಹೆಸರಿನ ಮೊದಲಕ್ಷರ ಧ ಕಾರಕ್ಕೆ 9, ಎರಡನೆಯ ಅಕ್ಷರ ರ ಕಾರಕ್ಕೆ 2. ಬಲದಿಂದ ಎಡಕ್ಕೆ ಓದಿದರೆ 29, ಅದೇ ಆ ಮೇಳಕರ್ತ ರಾಗದ ಕ್ರಮಸಂಖ್ಯೆ. ಕೀಲಿಕೈಯೂ ಇಂತಹುದೇ ಸಂಕೇತ. ಅಲ್ಲಿ ಬಿ ಎಂದರೆ ಸೊನ್ನೆ, ಸಿ ಎಂದರೆ ಒಂದು, ಹೀಗೆಯೇ ಮುಂದಕ್ಕೆ. ನಮ್ಮ ಲೆಕ್ಕದಲ್ಲಿ ಒಂದೊಂದು ಸ್ಥಾನದ ಬೆಲೆ ಹತ್ತು ಪಟ್ಟು ಏರುವಂತೆ ಇಲ್ಲಿ 24 ಪಟ್ಟು ಏರುತ್ತದೆ. 25 ಸ್ಥಾನಗಳಿಂದ ಆಗಬಹುದಾದ ಮಾಲೆಗಳನ್ನು ಎಣಿಸಿದರೆ ಬರುವುದು 35 ಅಂಕಿಗಳುಳ್ಳ ಸಂಖ್ಯೆ. ಊಹೆಯಿಂದ ಕೀಲಿಕೈಯನ್ನು ಕಂಡುಹಿಡಿಯುವ ಆಸೆ ಆದುದರಿಂದ ವ್ಯರ್ಥ.

ಶೋಧದ ಕ್ರಮ

ಒಂದನೆಯದು, ಪರವಾನಗಿಯ ಬಗೆಯನ್ನು ತಿಳಿಯುವುದು. ಯಂತ್ರವು ಇನ್ನೂ ನಡೆಯುತ್ತಿದ್ದರೆ ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಶನ್ ಎಂಬ ಕ್ರಮದಿಂದ ತೆರೆದು ನೋಡಬೇಕು. ಡಿಜಿಟಲ್ ಲೈಸೆನ್ಸ್ ಎಂಬ ಮಾತು ಅಲ್ಲಿ ಕಂಡರೆ ಅರ್ಧ ಚಿಂತೆ ತೀರಿತು. 2015ರಲ್ಲಿ ವಿಂಡೋಸ್ 10ರೊಡನೆ ಬಂದ ಈ ಪದ್ಧತಿಯಲ್ಲಿ ಯಂತ್ರದ ಗುರುತು ತಯಾರಕರ ಸರ್ವರಿನಲ್ಲಿಯೇ ನೋಂದಣಿಯಾಗಿರುತ್ತದೆ. ಅದೇ ಯಂತ್ರದಲ್ಲಿ ಅದೇ ಆವೃತ್ತಿಯನ್ನು, ಎಂದರೆ ಹೋಮ್ ಇದ್ದಲ್ಲಿ ಹೋಮ್, ಪ್ರೊ ಇದ್ದಲ್ಲಿ ಪ್ರೊ, ಮತ್ತೆ ಸ್ಥಾಪಿಸಿ, ಕೀಲಿಕೈಯನ್ನು ಕೇಳಿದಾಗ “ನನ್ನಲ್ಲಿ ಇಲ್ಲ” ಎಂಬ ಆಯ್ಕೆಯನ್ನು ಒತ್ತಿ ಮುಂದುವರಿದರೆ, ಅಂತರ್ಜಾಲದ ಸಂಪರ್ಕ ದೊರೆತೊಡನೆ ಪರವಾನಗಿ ತಾನಾಗಿ ದೃಢಪಡುತ್ತದೆ. 2016ರಿಂದ ಇದನ್ನು ನಮ್ಮ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಕೊಳ್ಳುವ ಅನುಕೂಲವೂ ಒದಗಿದೆ. ಯಂತ್ರದ ಮುಖ್ಯ ಫಲಕವನ್ನು ಬದಲಿಸಬೇಕಾಗಿ ಬಂದಾಗ ಈ ಜೋಡಣೆಯೇ ಆಸರೆ. ಯಂತ್ರ ಚೆನ್ನಾಗಿರುವಾಗಲೇ ಅದನ್ನು ಮಾಡಿಡುವುದು ಜಾಣತನ.

ಎರಡನೆಯದು, ಯಂತ್ರದ ಫಲಕದಲ್ಲಿಯೇ ಅಡಗಿರುವ ಕೀಲಿಕೈ. 2012ರಲ್ಲಿ ವಿಂಡೋಸ್ 8 ಬಂದಂದಿನಿಂದ ದೊಡ್ಡ ತಯಾರಕರು ವಿಂಡೋಸ್ ಸಹಿತವಾಗಿ ಮಾರುವ ಯಂತ್ರಗಳಲ್ಲಿ ಕೀಲಿಕೈಯನ್ನು ಕಾಗದದ ಮೇಲೆ ಅಂಟಿಸುವುದನ್ನು ಬಿಟ್ಟು, ಮುಖ್ಯ ಫಲಕದ ಸ್ಥಿರಸ್ಮೃತಿಯಲ್ಲಿ ಎಂಎಸ್‌ಡಿಎಂ ಎಂಬ ಹೆಸರಿನ ಕೋಷ್ಟಕದಲ್ಲಿ ಬರೆದಿಡತೊಡಗಿದರು. ಡಿಸ್ಕು ಸುಟ್ಟುಹೋದರೂ ಈ ಬರಹಕ್ಕೆ ಚ್ಯುತಿಯಿಲ್ಲ, ಅದು ತಾಮ್ರಶಾಸನದಂತೆ. ಹೊಸದಾಗಿ ಸ್ಥಾಪಿಸುವ ವಿಂಡೋಸು ಅದನ್ನು ತಾನೇ ಓದಿಕೊಳ್ಳುವುದರಿಂದ ಬಹುಮಟ್ಟಿಗೆ ನಾವು ಏನನ್ನೂ ಬರೆಯಬೇಕಾಗಿಲ್ಲ. ಕಣ್ಣಾರೆ ನೋಡಬೇಕೆಂಬವರು ಪವರ್‌ಶೆಲ್ ಎಂಬ ಆಜ್ಞಾಫಲಕದಲ್ಲಿ ಸಾಫ್ಟ್‌ವೇರ್ ಲೈಸೆನ್ಸಿಂಗ್ ಸರ್ವೀಸ್ ಎಂಬ ವರ್ಗದಿಂದ ಮೂಲ ಕೀಲಿಕೈಯನ್ನು ಕೇಳುವ ಒಂದು ಸಾಲಿನ ಆಜ್ಞೆಯನ್ನು ಗಣಕ ಶಿಕ್ಷಕರಿಂದ ಬರೆಯಿಸಿಕೊಳ್ಳಬಹುದು. ಉತ್ತರ ಖಾಲಿಯಾಗಿ ಬಂದರೆ ಆ ಯಂತ್ರದ ಫಲಕದಲ್ಲಿ ಕೀಲಿಕೈಯನ್ನು ಬರೆದಿಲ್ಲವೆಂದು ತಿಳಿಯಬೇಕು. ಅಂಗಡಿಯಲ್ಲಿ ಬಿಡಿಭಾಗಗಳಿಂದ ಜೋಡಿಸಿದ ಯಂತ್ರಗಳಲ್ಲಿ ಇದೇ ಸಾಮಾನ್ಯ.

ಮೂರನೆಯದು, ರಿಜಿಸ್ಟ್ರಿ ಎಂಬ ಒಳದಫ್ತರ. ವಿಂಡೋಸು ತನ್ನ ವ್ಯವಸ್ಥೆಯ ಸಂಗತಿಗಳನ್ನು ಬರೆದಿಟ್ಟುಕೊಳ್ಳುವ ಈ ದಫ್ತರದಲ್ಲಿ ಡಿಜಿಟಲ್ ಪ್ರಾಡಕ್ಟ್ ಐಡಿ ಎಂಬ ಬಾಬಿನ ಕೆಳಗೆ, ಮೇಲೆ ಹೇಳಿದ 24ರ ಲೆಕ್ಕದಂತೆ, ಕೀಲಿಕೈಯು 15 ಬೈಟುಗಳಷ್ಟು ಸಂಖ್ಯಾರೂಪದಲ್ಲಿ ಇರುತ್ತದೆ. ಅದನ್ನು ಮರಳಿ ಅಕ್ಷರಕ್ಕೆ ತಿರುಗಿಸುವ ಕಿರುತಂತ್ರಾಂಶಗಳಿವೆ. ನಿರ್‌ಸಾಫ್ಟ್‌ನ ಪ್ರೊಡ್ಯುಕೀ ಎಂಬುದು ಅವುಗಳಲ್ಲಿ ಹೆಸರಾದುದು. ಯಂತ್ರವೇ ಏಳದಿದ್ದರೂ ನಿರಾಶರಾಗಬೇಕಿಲ್ಲ. ಡಿಸ್ಕು ಓದಲು ಬರುವಂತಿದ್ದರೆ ಅದನ್ನು ಬಿಚ್ಚಿ ಬೇರೊಂದು ಯಂತ್ರಕ್ಕೆ ಜೋಡಿಸಿ, ವಿಂಡೋಸ್ ಕಡತಕೋಶದೊಳಗಿನ ಸಿಸ್ಟಮ್32, ಅದರೊಳಗಿನ ಕಾನ್ಫಿಗ್ ಎಂಬಲ್ಲಿರುವ ಸಾಫ್ಟ್‌ವೇರ್ ಹೆಸರಿನ ಕಡತದಿಂದ ಅದೇ ದಾಖಲೆಯನ್ನು ಓದಬಹುದು.

ಹೀಗೆ ದೊರೆತುದನ್ನೆಲ್ಲ ನಿಜವಾದ ಕೀಲಿಕೈಯೆಂದು ನಂಬಬಾರದು. ಎಲ್ಲ ಸ್ಥಾನಗಳಲ್ಲಿಯೂ ಬಿ ಅಕ್ಷರವೇ ಬಂದರೆ ಅಲ್ಲಿರುವುದು ಬರಿಯ ಸೊನ್ನೆ. ಸಂಸ್ಥೆಗಳಿಗೆ ಸಗಟಾಗಿ ಕೊಡುವ ಪರವಾನಗಿಗಳಲ್ಲಿ ಕೀಲಿಕೈಯನ್ನು ಅಳಿಸಿರುವುದರಿಂದ ಹೀಗಾಗುತ್ತದೆ. ಅಂತಹ ಕೀಲಿಕೈ ಆ ಸಂಸ್ಥೆಯದು, ಮನೆಯದಲ್ಲ. ಕೊನೆಯ ಐದು 3ವಿ66ಟಿ ಅಥವಾ 8ಎಚ್‌ವಿಎಕ್ಸ್7 ಎಂದಿದ್ದರೆ ಅದು ಡಿಜಿಟಲ್ ಲೈಸೆನ್ಸಿನ ಯಂತ್ರಗಳಿಗೆಲ್ಲ ಸಮಾನವಾಗಿ ಹಾಕಿದ ಸಾಮಾನ್ಯ ಕೀಲಿಕೈ. ಮೊದಲನೆಯದು ಪ್ರೊ ಆವೃತ್ತಿಯದು, ಎರಡನೆಯದು ಹೋಮ್ ಆವೃತ್ತಿಯದು. ಅದನ್ನು ಬರೆದಿಟ್ಟುಕೊಂಡು ಫಲವಿಲ್ಲ.

ನಾಲ್ಕನೆಯದು, ಕಾಗದದ ಸಾಕ್ಷಿ. ವಿಂಡೋಸ್ 7 ಮತ್ತು ಅದಕ್ಕೂ ಹಿಂದಿನ ಯಂತ್ರಗಳಲ್ಲಿ ಪೆಟ್ಟಿಗೆಯ ಪಕ್ಕದಲ್ಲಿಯೋ ಲ್ಯಾಪ್‌ಟಾಪಿನ ತಳದಲ್ಲಿಯೋ ಪ್ರಮಾಣಚೀಟಿಯೊಂದು ಅಂಟಿರುತ್ತದೆ. ತೊಡೆಯ ಮೇಲೆ, ಮೇಜಿನ ಮೇಲೆ ಉಜ್ಜಿ ಉಜ್ಜಿ ಅಕ್ಷರಗಳು ಮಾಸಿರುತ್ತವೆ. ಇಲ್ಲಿ ಪ್ರಾಚೀನ ಗ್ರಂಥಸಂಪಾದನೆಯ ವಿಧಾನವೇ ನೆರವಿಗೆ ಬರುತ್ತದೆ. ಓರೆಯಾಗಿ ಬೆಳಕನ್ನು ಬೀರಿ ಛಾಯಾಚಿತ್ರ ತೆಗೆದು ಹಿಗ್ಗಿಸಿ ನೋಡಬೇಕು. ಸಂದೇಹವಿರುವಲ್ಲಿ ಪಾಠಾಂತರಗಳನ್ನು ಪಟ್ಟಿಮಾಡಬೇಕು. ಸೊನ್ನೆಯಂತೆ ಕಂಡದ್ದು ಸೊನ್ನೆಯಲ್ಲ, ಒ ಅಕ್ಷರವೂ ಅಲ್ಲ, ಎರಡೂ ಮಾಲೆಯಲ್ಲಿಲ್ಲ. ಅದು ಡಿ ಅಥವಾ ಕ್ಯೂ ಆಗಿರಬೇಕು. ಜೆಡ್ ಎಂದು ಕಂಡದ್ದು ಎರಡು. ಬಿ ಮತ್ತು 8, ಜಿ ಮತ್ತು 6 ಇವು ಎರಡೂ ಸಾಧುಪಾಠಗಳಾದುದರಿಂದ ಎರಡನ್ನೂ ಪ್ರಯೋಗಿಸಿ ನೋಡಬೇಕು. ಒಂದು ಅಕ್ಷರ ಪೂರ್ತಿ ಅಳಿದಿದ್ದರೆ ಸಾಧ್ಯವಾದ ಪಾಠಗಳು 24. ಎರಡು ಅಳಿದಿದ್ದರೆ 576. ಅಶುದ್ಧ ಪಾಠವನ್ನು ಸ್ಥಾಪನೆಯ ವೇಳೆಯಲ್ಲಿ ವಿಂಡೋಸೇ ತಿರಸ್ಕರಿಸುವುದರಿಂದ ತಾಳ್ಮೆಯಿದ್ದವರಿಗೆ ಒಂದಕ್ಷರದ ಲೋಪ ತುಂಬಲಾರದ ಲೋಪವಲ್ಲ. ಆದರೆ ಒಂದು ಮಾತು: ವಿಂಡೋಸ್ 7 ಮತ್ತು 8ರ ಕೀಲಿಕೈಯಿಂದ ವಿಂಡೋಸ್ 10 ಅಥವಾ 11ನ್ನು ಹೊಸದಾಗಿ ದೃಢಪಡಿಸುವ ದಾರಿಯನ್ನು ತಯಾರಕರು 2023ರ ಸೆಪ್ಟೆಂಬರಿನಲ್ಲಿ ಮುಚ್ಚಿದರು. ಅದಕ್ಕೆ ಮುನ್ನವೇ ದೃಢಪಟ್ಟ ಯಂತ್ರಗಳಿಗೆ ಬಾಧಕವಿಲ್ಲ.

ಐದನೆಯದು, ಪತ್ರವ್ಯವಹಾರ. ಅಂತರ್ಜಾಲದ ಮೂಲಕ ಕೊಂಡ ತಂತ್ರಾಂಶದ ಕೀಲಿಕೈ ಸಾಮಾನ್ಯವಾಗಿ ಮಿಂಚಂಚೆಯಲ್ಲಿ ಬಂದಿರುತ್ತದೆ. ಹಳೆಯ ಅಂಚೆಪೆಟ್ಟಿಗೆಯಲ್ಲಿ ತಂತ್ರಾಂಶದ ಹೆಸರನ್ನೂ ಆರ್ಡರ್, ಲೈಸೆನ್ಸ್, ಇನ್‌ವಾಯ್ಸ್ ಎಂಬ ಮಾತುಗಳನ್ನೂ ಇಂಗ್ಲಿಷಿನಲ್ಲಿ ಕೊಟ್ಟು ಹುಡುಕಬೇಕು. ಕೊಂಡ ರಸೀದಿ ದೊರೆತರೆ ಅದನ್ನು ಆಧಾರವಾಗಿ ತೋರಿಸಿ ತಯಾರಕರಿಗೆ ಬರೆಯಬಹುದು. ಎಷ್ಟೋ ಸಣ್ಣ ತಂತ್ರಾಂಶಗಳ ವಿಷಯದಲ್ಲಿ ಫಲಿಸುವ ಉಪಾಯ ಇದೊಂದೇ.

ಯಂತ್ರದಲ್ಲಿ ದೊರೆಯದಿರುವುವು

ಎಲ್ಲ ಕೀಲಿಕೈಗಳೂ ಯಂತ್ರದಲ್ಲಿ ಉಳಿಯುವುದಿಲ್ಲ. ಆಫೀಸ್ 2013ರಿಂದ ಈಚೆಗೆ ಪೂರ್ಣ ಕೀಲಿಕೈಯನ್ನು ಯಂತ್ರದಲ್ಲಿ ಇಡುವ ವಾಡಿಕೆ ತಪ್ಪಿತು. ಕೊನೆಯ ಐದು ಅಕ್ಷರಾಂಕಗಳು ಮಾತ್ರ ಸಿಕ್ಕುತ್ತವೆ. ಅವು ನಿರರ್ಥಕವಲ್ಲ, ಮನೆಯಲ್ಲಿ ನಾಲ್ಕಾರು ಚೀಟಿಗಳಿದ್ದರೆ ಯಾವುದು ಯಾವ ಯಂತ್ರದ್ದೆಂದು ತಾಳೆನೋಡಲು ಸಾಕು. ಅಂತಹ ಆಫೀಸನ್ನು ಮೊದಲು ಸ್ಥಾಪಿಸಿದಾಗ ಯಾವ ಖಾತೆಗೆ ಸೇರಿಸಿದ್ದೆವೋ ಆ ಖಾತೆಯೇ ಹಕ್ಕಿನ ಪ್ರಮಾಣ. ಅದರೊಳಕ್ಕೆ ಹೋಗಿ ಮತ್ತೆ ಇಳಿಸಿಕೊಳ್ಳಬಹುದು. ಹೀಗಾಗಿ ಹುಡುಕಬೇಕಾದುದು ಕೀಲಿಕೈಯನ್ನಲ್ಲ, ಮರೆತ ಖಾತೆಯ ಹೆಸರನ್ನು. ಮಗನೋ ಮಗಳೋ ಊರಿಗೆ ಬಂದಾಗ ತಮ್ಮ ಖಾತೆಯಿಂದಲೇ ಸ್ಥಾಪಿಸಿಕೊಟ್ಟು ಹೋಗಿರುವುದು ಅನೇಕ ಮನೆಗಳಲ್ಲಿ ಕಾಣುವ ಸಂಗತಿ. ಅವರನ್ನು ಕೇಳಿದರೆ ಒಗಟು ಬಿಡುತ್ತದೆ.

ಮುದ್ರಣಕಾರ್ಯಕ್ಕೆ ಬಳಸುವ ಕೆಲವು ತಂತ್ರಾಂಶಗಳಿಗೆ ಡಾಂಗಲ್ ಎಂಬ ಬೆರಳುದ್ದದ ಉಪಕರಣವೇ ಕೀಲಿಕೈ. ಅದು ಕಳೆದರೆ ಯಂತ್ರದೊಳಗೆ ಎಷ್ಟು ಹುಡುಕಿದರೂ ಸಿಕ್ಕದು. ರಸೀದಿಯೊಡನೆ ತಯಾರಕರನ್ನೇ ಮೊರೆಹೋಗಬೇಕು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶವು ಉಚಿತವಾದುದರಿಂದ ನಮ್ಮ ಕನ್ನಡ ಬರವಣಿಗೆಗೆ ಈ ಬಾಧೆ ತಟ್ಟದಿರುವುದು ಸಂತೋಷದ ಸಂಗತಿ.

ಅಡ್ಡದಾರಿಗಳು

ಕೀಲಿಕೈಯನ್ನು ಹುಡುಕಿಕೊಡುತ್ತೇವೆಂದು ಅಂತರ್ಜಾಲದಲ್ಲಿ ಕರೆಯುವ ತಂತ್ರಾಂಶಗಳೆಲ್ಲ ಸಾಧುಗಳಲ್ಲ. ಕೀಲಿಕೈಯನ್ನು ಓದುವ ಕೆಲಸವನ್ನು ಕಳ್ಳರೂ ಮಾಡುವುದರಿಂದ ವೈರಸ್ ನಿರೋಧಕವು ಒಳ್ಳೆಯ ಉಪಕರಣವನ್ನೂ ಶಂಕಿಸುತ್ತದೆ. ಆ ಶಂಕೆಯನ್ನು ಕಡೆಗಣಿಸಿ ಕಂಡಕಂಡಲ್ಲಿಂದ ಇಳಿಸಿಕೊಂಡರೆ ನಿಜವಾದ ಕಳ್ಳನೇ ಒಳಹೊಕ್ಕಾನು. ಆದುದರಿಂದ ರಚಿಸಿದವರ ಮೂಲ ತಾಣದಿಂದ ಮಾತ್ರ ಪಡೆಯಬೇಕು. ಮೊದಲ ಎರಡು ಕ್ರಮಗಳಲ್ಲಿ ಕೆಲಸವಾದರೆ ಹೊರಗಿನ ಉಪಕರಣದ ಗೊಡವೆಯೇ ಬೇಡ.

ಆಕ್ಟಿವೇಟರ್, ಕ್ರ್ಯಾಕ್ ಎಂಬ ಹೆಸರಿನ ಸಾಧನಗಳಂತೂ ಸರ್ವಥಾ ವರ್ಜ್ಯ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯು ಗಣಕದ ತಂತ್ರಾಂಶವನ್ನು ‘ಸಾಹಿತ್ಯಕೃತಿ’ ಎಂಬುದರ ವ್ಯಾಖ್ಯೆಯಲ್ಲಿಯೇ ಸೇರಿಸಿದೆಯೆಂಬುದನ್ನು ಸಾಹಿತ್ಯದ ಅಧ್ಯಾಪಕರು ವಿಶೇಷವಾಗಿ ಅರಿಯಬೇಕು. ಅಕ್ರಮ ಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಬಳಸುವವರಿಗೆ ಅದೇ ಕಾಯಿದೆಯ 63ಬಿ ಕಲಮು ಏಳು ದಿನಗಳಿಂದ ಮೂರು ವರ್ಷಗಳವರೆಗೆ ಕಾರಾವಾಸವನ್ನೂ 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸುತ್ತದೆ. ಲಾಭಕ್ಕಾಗಿ ಬಳಸದಿದ್ದಲ್ಲಿ ಕಾರಾವಾಸವನ್ನು ಬಿಟ್ಟು 50,000 ರೂಪಾಯಿಗಳವರೆಗಿನ ದಂಡವನ್ನಷ್ಟೇ ವಿಧಿಸುವ ವಿವೇಚನೆ ನ್ಯಾಯಾಲಯಕ್ಕೆ ಇದೆ. ಅದೇ ಕಾಯಿದೆಯ 52ನೆಯ ಕಲಮು, ನ್ಯಾಯವಾಗಿ ತಂತ್ರಾಂಶವನ್ನು ಹೊಂದಿದವರು ನಷ್ಟದಿಂದ ರಕ್ಷಿಸಿಕೊಳ್ಳಲು ಅದರ ಪ್ರತಿಯೊಂದನ್ನು ಮಾಡಿಟ್ಟುಕೊಳ್ಳಬಹುದೆಂದು ಅನುಮತಿಸುತ್ತದೆ. ಕಳೆದುದನ್ನು ಹುಡುಕಿಕೊಳ್ಳುವುದು ನಮ್ಮ ಹಕ್ಕು. ಪರರದನ್ನು ಕದಿಯುವುದು ಅಪರಾಧ. ಇವೆರಡರ ನಡುವಣ ಗೆರೆ ಸ್ಪಷ್ಟವಾಗಿದೆ.

ಕಾನೂನಿಗಿಂತ ಹಿರಿದಾದ ಮಾತೊಂದಿದೆ. ಕಾಯಕಕ್ಕೆ ಗೌರವ ಕೊಡುವ ಪರಂಪರೆಯಲ್ಲಿ ಬೆಳೆದವರು ನಾವು. ನೇಯುವವನ, ಬಿತ್ತುವವನ ದುಡಿಮೆಯಂತೆ ತಂತ್ರಾಂಶವನ್ನು ರಚಿಸುವವನದೂ ದುಡಿಮೆಯೇ. ಅದರ ಪ್ರತಿಫಲವನ್ನು ತಪ್ಪಿಸಿ ತಂದ ಸಾಧನದಿಂದ ಮಕ್ಕಳಿಗೆ ನೀತಿಪಾಠವನ್ನು ಮುದ್ರಿಸಿ ಹಂಚುವುದು ಹೇಗೆ ಒಪ್ಪೀತು? ಬೆಲೆ ಭಾರವೆನಿಸಿದರೆ ಲಿನಕ್ಸ್, ಲಿಬ್ರೆಆಫೀಸ್‌ಗಳಂತಹ ಮುಕ್ತ ತಂತ್ರಾಂಶಗಳಿವೆ. ರಚಿಸಿದವರೇ ಎಲ್ಲರಿಗೂ ಬಿಟ್ಟುಕೊಟ್ಟ ಈ ಕೃತಿಗಳನ್ನು ದಾಸೋಹದ ಪ್ರಸಾದದಂತೆ ನಿಸ್ಸಂಕೋಚವಾಗಿ ಸ್ವೀಕರಿಸಬಹುದು.

ದಾನಿಗಳಲ್ಲಿಯೂ ಅಧ್ಯಾಪಕರಲ್ಲಿಯೂ ಅರಿಕೆ

ಶಾಲೆಗೆ ಗಣಕಯಂತ್ರವನ್ನು ಕೊಡುವ ಮಹನೀಯರು ಯಂತ್ರದೊಡನೆ ಅದರ ಶಾಸನವನ್ನೂ ಕೊಡಬೇಕೆಂದು ವಿನಂತಿ. ರಸೀದಿಯ ನಕಲು, ಪ್ರಮಾಣಚೀಟಿಯ ಛಾಯಾಚಿತ್ರ, ವಿಂಡೋಸಿನ ಆವೃತ್ತಿಯ ಹೆಸರು ಇಷ್ಟು ಒಂದು ಲಕೋಟೆಯಲ್ಲಿದ್ದರೆ ಸಾಕು. ಯಂತ್ರದೊಡನೆಯೇ ಬಂದ ವಿಂಡೋಸಿನ ಪರವಾನಗಿ ಯಂತ್ರದೊಡನೆಯೇ ಸಾಗುತ್ತದೆ. ಬಿಡಿಯಾಗಿ ಕೊಂಡುದನ್ನು ಕೊಡುವುದಾದರೆ ದಾನಿಗಳು ತಮ್ಮ ಬೇರೆ ಯಂತ್ರದಲ್ಲಿ ಅದನ್ನು ಬಳಸುವಂತಿಲ್ಲ. ವರ್ಷವರ್ಷಕ್ಕೆ ಚಂದಾ ಕಟ್ಟುವ ಆಫೀಸ್ ಯಂತ್ರದೊಡನೆ ಬರುವುದಿಲ್ಲ. ತಮ್ಮ ಸ್ವಂತ ಖಾತೆಯ ಗುಪ್ತಪದವನ್ನು ಯಾರಿಗೂ ಕೊಡದೆ, ಯಂತ್ರವನ್ನು ಆ ಖಾತೆಯಿಂದ ಬಿಡಿಸಿ, ಸ್ವಂತ ಕಡತಗಳನ್ನು ಅಳಿಸಿ ಕೊಡುವುದು ಕ್ಷೇಮ. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11ಕ್ಕೆ ಒಗ್ಗದ ಹಳೆಯ ಯಂತ್ರವನ್ನು ಲಿನಕ್ಸ್ ಹಾಕಿ ಕೊಟ್ಟರೆ ಕೀಲಿಕೈಯ ಪ್ರಶ್ನೆಯೇ ಏಳುವುದಿಲ್ಲ.

ಅಧ್ಯಾಪಕರು ಶಾಲೆಯ ದಾಸ್ತಾನು ಪುಸ್ತಕದಲ್ಲಿ ಬೆಂಚು, ಕಪ್ಪುಹಲಗೆಗಳನ್ನು ಬರೆಯುವಂತೆಯೇ ತಂತ್ರಾಂಶಕ್ಕೂ ಒಂದು ಅಂಕಣವನ್ನು ತೆರೆಯಬೇಕು. ಯಂತ್ರದ ಸಂಖ್ಯೆ, ಆವೃತ್ತಿ, ಪರವಾನಗಿಯ ಬಗೆ, ಕೊಟ್ಟವರ ಹೆಸರು, ದಿನಾಂಕ, ಕೀಲಿಕೈಯ ಕೊನೆಯ ಐದು ಅಕ್ಷರಾಂಕ ಇವು ಅಲ್ಲಿರಲಿ. ಪೂರ್ಣ ಕೀಲಿಕೈ ಮೊಹರು ಮಾಡಿದ ಲಕೋಟೆಯಲ್ಲಿ ಕಪಾಟಿನಲ್ಲಿರಲಿ. ಮನೆಯಲ್ಲಿಯಾದರೆ ಮನೆಪತ್ರ, ವಿಮಾಪತ್ರಗಳ ಜೊತೆಗೆ ಒಂದು ಹಾಳೆ. ಯಂತ್ರವು ಐದಾರು ವರ್ಷಗಳಲ್ಲಿ ಸವೆಯುವ ವಸ್ತು. ಅದರ ಬಳಕೆಯ ಹಕ್ಕು ನ್ಯಾಯವಾಗಿ ನಮ್ಮದೆಂಬುದಕ್ಕೆ ಆ ಒಂದು ಹಾಳೆ ಸಾಕ್ಷಿ ನುಡಿಯುತ್ತದೆ. ಅದು ಇದ್ದಲ್ಲಿ ಕೊಟ್ಟವರ ದಾನವೂ ಪಡೆದವರ ಮಾನವೂ ಉಳಿಯುತ್ತವೆ. ವಾಚಕರು ಈ ಸಂಚಿಕೆಯನ್ನು ಕೆಳಗಿಟ್ಟೊಡನೆ ತಮ್ಮ ಯಂತ್ರದ ಆಕ್ಟಿವೇಶನ್ ಪುಟವನ್ನು ಒಮ್ಮೆ ತೆರೆದು ನೋಡಿ ಆ ಹಾಳೆಯನ್ನು ಬರೆದಿಟ್ಟರೆ ಲೇಖಕನ ಶ್ರಮ ಸಾರ್ಥಕ.